ಹಬ್ಬ ಅವರದು, ಶುಭಾಶಯ ನನ್ನದು

ವರ್ಷದ ಕೊನೆಯ ವಾರಗಳಲ್ಲಿ ಉಳಿದವರೆಲ್ಲ ರಜೆಯ ಲೆಕ್ಕ ಹಾಕುತ್ತಿರುವಾಗ ನಾನು ಮುಂದಿನ ವರ್ಷದ ಹಬ್ಬಗಳ ಪಟ್ಟಿ ಮಾಡುತ್ತ ಕೂತಿರುತ್ತೇನೆ. ನಮ್ಮದು ಹಲವು ದೇಶಗಳಲ್ಲಿ ಶಾಖೆಗಳಿರುವ ಸಂಸ್ಥೆ. ಸಿಬ್ಬಂದಿಗೆ ಹಬ್ಬದ ಶುಭಾಶಯ ಬರೆದು ಕಳಿಸುವುದು ನನ್ನ ಪಾಲಿನ ಕೆಲಸ. ಇದು ನನ್ನ ಕೈಗೆ ಬಂದಾಗ ಹಳೆಯ ಕಡತದಲ್ಲಿದ್ದದ್ದು ಒಂದೇ ನಮೂನೆ: ಇಂಥ ಹಬ್ಬದ ಹಾರ್ದಿಕ ಶುಭಾಶಯಗಳು, ಈ ಹಬ್ಬ ನಿಮ್ಮ ಬಾಳಿನಲ್ಲಿ ಸುಖ, ಸಂತೋಷ, ಸಮೃದ್ಧಿ ತರಲಿ. ಹಬ್ಬದ ಹೆಸರೊಂದನ್ನು ತುಂಬಿದರೆ ಕೆಲಸ ಮುಗಿಯಿತು. ದೀಪಾವಳಿಗೂ ಅದೇ, ಮೊಹರಂಗೂ ಅದೇ, ಗುಡ್ ಫ್ರೈಡೇಗೂ ಅದೇ. ಜೊತೆಗೆ ಬಣ್ಣಬಣ್ಣದ ಹೂವಿನ ಚಿತ್ರ.

ನಾನು ಮೊದಲು ಕೈಹಾಕಿದ್ದು ಆ ನಮೂನೆಗೆ. ಪಂಚಾಂಗದಲ್ಲಿ ಕೆಂಪು ಅಕ್ಷರದಲ್ಲಿ ಅಚ್ಚಾದ ದಿನಗಳೆಲ್ಲ ಸಂತೋಷದ ದಿನಗಳಲ್ಲ. ಗುಡ್ ಫ್ರೈಡೇ ಯೇಸುವನ್ನು ಶಿಲುಬೆಗೇರಿಸಿದ ದಿನದ ಸ್ಮರಣೆ. ಸಂಭ್ರಮವೇನಿದ್ದರೂ ಭಾನುವಾರದ ಈಸ್ಟರಿಗೆ. ಯಹೂದಿಗಳ ಯೋಮ್ ಕಿಪ್ಪುರ್ ಸುಮಾರು 25 ಗಂಟೆ ನೀರನ್ನೂ ಮುಟ್ಟದೆ ಉಪವಾಸವಿದ್ದು ಪ್ರಾಯಶ್ಚಿತ್ತ ಮಾಡಿಕೊಳ್ಳುವ ದಿನ. ಅಂದು 'ಸಮೃದ್ಧಿ ತರಲಿ' ಎಂದು ಹಾರೈಸಿದರೆ ಕೇಳಿದವರು ಸೌಜನ್ಯಕ್ಕೆ ನಕ್ಕು ಸುಮ್ಮನಾಗುತ್ತಾರೆ, ಅಷ್ಟೆ. ಈಗ ಅವರಿಗೆ ಉಪವಾಸ ಸುಗಮವಾಗಿ ಸಾಗಲಿ ಎಂದು ಬರೆಯುತ್ತೇನೆ. ಯಹೂದಿಗಳು ತಮ್ಮತಮ್ಮಲ್ಲೇ ಹಾಗೆ ಹಾರೈಸಿಕೊಳ್ಳುವುದುಂಟು.

ಮೊಹರಂ ಮಾತ್ರ ಹೆಚ್ಚು ಯೋಚನೆಗೆ ಹಚ್ಚಿತು. ಕ್ರಿ.ಶ. 680ರಲ್ಲಿ ಇಂದಿನ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಹತರಾದದ್ದು ಮೊಹರಂ ತಿಂಗಳ ಹತ್ತನೆಯ ದಿನ. ಷಿಯಾ ಪಂಥದವರಿಗೆ ಅದು ಶೋಕ. ಸುನ್ನಿಗಳಲ್ಲಿ ಅನೇಕರು, ದೇವರು ಮೋಸೆಸನನ್ನೂ ಅವನ ಜನರನ್ನೂ ಈಜಿಪ್ಟಿನ ದೊರೆ ಫರೋಹನಿಂದ ಪಾರುಮಾಡಿದ ನೆನಪಿಗಾಗಿ ಅದೇ ದಿನ ಉಪವಾಸ ಮಾಡುತ್ತಾರೆ. ಅದೇ ತಿಂಗಳ ಮೊದಲ ದಿನ ಹಿಜರಿ, ಅಂದರೆ ಇಸ್ಲಾಮಿ ಪಂಚಾಂಗದ, ಹೊಸ ವರ್ಷ; ಅಂದು ಪರಸ್ಪರ ಹಾರೈಸುವವರೂ ಇದ್ದಾರೆ, ಹೊಸ ವರ್ಷಕ್ಕೆಂದು ವಿಶೇಷವಾಗಿ ಹಾರೈಸುವುದು ಬೇಡ ಎನ್ನುವವರೂ ಇದ್ದಾರೆ. ಒಂದೇ ತಿಂಗಳು, ಒಂದೇ ಧರ್ಮ, ಇಷ್ಟೊಂದು ಬಗೆ. ನಾನು ಕರಡನ್ನು ಇಬ್ಬರು ಸಹೋದ್ಯೋಗಿಗಳಿಗೆ, ಇಬ್ಬರೂ ಬೇರೆ ಬೇರೆ ಪಂಥದವರು, ತೋರಿಸಿದೆ. 'ಶುಭಾಶಯ ಎನ್ನುವ ಮಾತು ಬೇಡ ಸರ್, ದಿನವನ್ನು ಹೆಸರಿಸಿ, ಅಷ್ಟು ಸಾಕು' ಎಂದರು ಒಬ್ಬರು. ಇನ್ನೊಬ್ಬರು ಹೂವಿನ ಚಿತ್ರದ ಮೇಲೆ ಬೆರಳಿಟ್ಟು ಅಡ್ಡಡ್ಡ ತಲೆಯಾಡಿಸಿದರು. ಕೊನೆಗೆ ಉಳಿದದ್ದು ಬಿಳಿ ಹಾಳೆಯ ಮೇಲಿನ ಎರಡು ಸಾಲು: ಈ ದಿನವನ್ನು ಸ್ಮರಣೆಯಲ್ಲಿ, ಉಪವಾಸದಲ್ಲಿ ಕಳೆಯುವ ಸಹೋದ್ಯೋಗಿಗಳಿಗೆ ನಮ್ಮ ಗೌರವ, ಬಿಡುವು ಬೇಕಾದವರು ಕೇಳಬಹುದು. ಅಲ್ಲಿಂದೀಚೆಗೆ ಯಾವ ಕರಡನ್ನೂ ಒಬ್ಬರಿಗೇ ತೋರಿಸಿ ಸುಮ್ಮನಾಗುವುದಿಲ್ಲ. ಒಬ್ಬ ವ್ಯಕ್ತಿ ಇಡೀ ಧರ್ಮದ ವಕ್ತಾರನಲ್ಲ, ಆ ಭಾರವನ್ನು ಅವನ ಮೇಲೆ ಹೊರಿಸುವುದೂ ತರವಲ್ಲ.

ಆ ಎರಡನೆಯ ಸಾಲಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ. ಚಂದದ ಶುಭಾಶಯ ಕಳಿಸಿ ಅದೇ ದಿನ ಮಧ್ಯಾಹ್ನ ಕಡ್ಡಾಯ ಸಭೆ ಕರೆಯುವ ಸಂಸ್ಥೆಗಳು ಕಡಿಮೆಯಿಲ್ಲ. ರಂಜಾನ್ ತಿಂಗಳಲ್ಲಿ ಸೂರ್ಯಾಸ್ತದ ಹೊತ್ತಿಗೆ ಸಭೆ ಇಡಬೇಡಿ, ಗುಡ್ ಫ್ರೈಡೇ ಮಧ್ಯಾಹ್ನ ಚರ್ಚಿನ ಪ್ರಾರ್ಥನೆಯ ವೇಳೆಗೆ ಇಡಬೇಡಿ ಎಂದು ವಿಭಾಗಗಳ ಮುಖ್ಯಸ್ಥರಿಗೆ ನಾನು ಮೊದಲೇ ಪತ್ರ ಕಳಿಸುತ್ತೇನೆ. ಅಂಥ ಪತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅದಿಲ್ಲದಿದ್ದರೆ ಶುಭಾಶಯದ ಪತ್ರ ಬರೀ ಅಲಂಕಾರ.

ಇನ್ನು ದಿನಾಂಕ. ಹಳೆಯ ಕಡತದಲ್ಲಿ ಕ್ರಿಸ್‌ಮಸ್ ಎಂದರೆ ಡಿಸೆಂಬರ್ 25 ಮಾತ್ರ. ಆದರೆ ರಷ್ಯಾ, ಸರ್ಬಿಯಾದ ಆರ್ಥೊಡಾಕ್ಸ್ (ಪೂರ್ವದ ಕ್ರೈಸ್ತ ಪರಂಪರೆಯ) ಚರ್ಚುಗಳು ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಅನುಸರಿಸುತ್ತವೆ. ಅದು ಈಗ ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದಿರುವುದರಿಂದ ಅವರ ಡಿಸೆಂಬರ್ 25 ನಮಗೆ ಜನವರಿ 7. ಗ್ರೀಸ್, ರುಮೇನಿಯಾದವರು ಆರ್ಥೊಡಾಕ್ಸರಾಗಿದ್ದರೂ ಡಿಸೆಂಬರಿನಲ್ಲೇ ಆಚರಿಸುತ್ತಾರೆ. ಆರ್ಮೇನಿಯದ ಚರ್ಚಿನವರಿಗೆ ಜನವರಿ 6. ಈಸ್ಟರ್ 2024ರಲ್ಲಿ ಪಶ್ಚಿಮದ ಚರ್ಚುಗಳಿಗೆ ಮಾರ್ಚ್ 31ಕ್ಕೂ ಆರ್ಥೊಡಾಕ್ಸರಿಗೆ ಮೇ 5ಕ್ಕೂ ಬಂತು. 2025ರಲ್ಲಿ ಇಬ್ಬರಿಗೂ ಏಪ್ರಿಲ್ 20. ಜನವರಿ 7ರಂದು ನಾನು ಕಳಿಸಿದ ನಾಲ್ಕು ಸಾಲಿಗೆ ಬಂದಷ್ಟು ಪ್ರೀತಿಯ ಉತ್ತರಗಳು ಡಿಸೆಂಬರಿನ ಅದ್ದೂರಿ ಕಾರ್ಡಿಗೆ ಬಂದಿಲ್ಲ.

ಹಿಜರಿ ವರ್ಷಕ್ಕೆ 354 ಅಥವಾ 355 ದಿನ. ಹಾಗಾಗಿ ಮುಸ್ಲಿಮರ ಹಬ್ಬಗಳು ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. 2030ರಲ್ಲಂತೂ ರಂಜಾನ್ ತಿಂಗಳು ಜನವರಿಯಲ್ಲೊಮ್ಮೆ, ಡಿಸೆಂಬರಿನ ಕೊನೆಯಲ್ಲೊಮ್ಮೆ ಶುರುವಾಗಲಿದೆ. ರಂಜಾನ್ ಹಬ್ಬದ ದಿನ ಹಿಂದಿನ ಸಂಜೆ ಚಂದ್ರ ಕಾಣಿಸಿದ ಮೇಲಷ್ಟೇ ಖಚಿತವಾಗುವುದು ಅನೇಕ ಕಡೆ ರೂಢಿ, ಮತ್ತು ಎಲ್ಲ ದೇಶಗಳಲ್ಲೂ ಒಂದೇ ದಿನ ಬರಬೇಕೆಂದಿಲ್ಲ. ಬಕ್ರೀದ್ ಹಾಗಲ್ಲ, ಅದು ತಿಂಗಳ ಹತ್ತನೆಯ ದಿನವಾದ್ದರಿಂದ ಚಂದ್ರದರ್ಶನವಾದ ಮೇಲೂ ತಯಾರಿಗೆ ಒಂದು ವಾರಕ್ಕಿಂತ ಹೆಚ್ಚು ಸಮಯ ಸಿಗುತ್ತದೆ. ಹೀಗಾಗಿ ರಂಜಾನ್ ಹಬ್ಬದ ಪತ್ರದಲ್ಲಿ ದಿನಾಂಕವನ್ನೇ ಹಾಕುವುದಿಲ್ಲ, ಕಳಿಸುವ ಗುಂಡಿಯನ್ನು ಆಯಾ ಶಾಖೆಯವರ ಕೈಗೇ ಬಿಟ್ಟಿದ್ದೇನೆ. ದೀಪಾವಳಿಗೂ ಈ ತೊಡಕು ಬರುತ್ತದೆ. 2024ರಲ್ಲಿ ಅಕ್ಟೋಬರ್ 31ರಂದೋ ನವೆಂಬರ್ 1ರಂದೋ ಎಂದು ಪಂಚಾಂಗಗಳವರೇ ಎರಡು ಗುಂಪಾಗಿದ್ದರು. ಯಹೂದಿಗಳ ಹಬ್ಬ ಹಿಂದಿನ ಸೂರ್ಯಾಸ್ತದಿಂದಲೇ ಆರಂಭ; ಕಟ್ಟುನಿಟ್ಟಿನವರು ಹೊಸ ವರ್ಷವಾದ ರೋಶ್ ಹಶಾನಾದ ಎರಡೂ ದಿನ ಮೊಬೈಲ್ ಮುಟ್ಟುವುದಿಲ್ಲ. ಅವರಿಗೆ ಹಿಂದಿನ ದಿನ ಮಧ್ಯಾಹ್ನದೊಳಗೆ ತಲುಪಿದರೆ ಸರಿ, ಇಲ್ಲದಿದ್ದರೆ ಹಬ್ಬ ಮುಗಿದ ಮೇಲೆ ಓದಿಕೊಳ್ಳುತ್ತಾರೆ.

ಹಬ್ಬದ ಕಥೆಯನ್ನು ನಾನು ಬರೆಯುವುದಿಲ್ಲ. ಹಳೆಯ ಪತ್ರಗಳಲ್ಲಿ ದೀಪಾವಳಿಗೆ ರಾಮ ಅಯೋಧ್ಯೆಗೆ ಮರಳಿದ ವಿವರ ಇರುತ್ತಿತ್ತು. ನರಕಾಸುರನನ್ನು ನೆನೆಯುವವರು ಏನು ಮಾಡಬೇಕು? ಜೈನರಿಗೆ ಅದು ಮಹಾವೀರರ ನಿರ್ವಾಣದ ದಿನ. ಸಿಖ್ಖರು ಆ ಹೊತ್ತಿಗೇ ಗುರು ಹರಗೋಬಿಂದರು ಗ್ವಾಲಿಯರ್ ಕೋಟೆಯ ಸೆರೆಯಿಂದ 52 ರಾಜರೊಡನೆ ಹೊರಬಂದದ್ದನ್ನು ಬಂದಿ ಛೋಡ್ ದಿನವೆಂದು ನೆನೆಯುತ್ತಾರೆ. ದೀಪ ಎಲ್ಲರ ಮನೆಯಲ್ಲೂ ಉರಿಯುತ್ತದೆ, ಯಾಕೆ ಎಂಬುದನ್ನು ಹಚ್ಚಿದವರು ಬಲ್ಲರು. ಅವರ ಹಬ್ಬದ ಅರ್ಥವನ್ನು ಅವರಿಗೇ ವಿವರಿಸುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಜೈನರ ಸಂವತ್ಸರಿಯಂದು 'ಮಿಚ್ಛಾಮಿ ದುಕ್ಕಡಂ' ಎಂದು ಕ್ಷಮೆ ಕೇಳಿ ಬರುವ ಸಂದೇಶಕ್ಕೆ 'ನಿಮಗೂ ಹಬ್ಬದ ಶುಭಾಶಯ' ಎಂದು ಉತ್ತರಿಸುವವರಿದ್ದಾರೆ. ನನ್ನಿಂದಲೂ ನೋವಾಗಿದ್ದರೆ ಕ್ಷಮಿಸಿ ಎಂದರೆ ಸಾಕು. ಆ ದಿನಕ್ಕೆ ಅದಕ್ಕಿಂತ ತಕ್ಕ ಉತ್ತರವಿಲ್ಲ.

ಯಾರಿಗೆ ಯಾವ ಶುಭಾಶಯ ಕಳಿಸಬೇಕು ಎಂಬುದೇ ಈ ಕೆಲಸದ ಕಷ್ಟದ ಭಾಗ. ಹೆಸರು ನೋಡಿ ಧರ್ಮ ಊಹಿಸುವ ಚಾಳಿ ನಮ್ಮಲ್ಲಿ ಎಷ್ಟು ಬೇರುಬಿಟ್ಟಿದೆ ಎಂದರೆ ಅದು ಊಹೆ ಎಂಬುದೇ ಮರೆತುಹೋಗಿರುತ್ತದೆ. ಮತಾಂತರವಾದವರಿದ್ದಾರೆ, ತಂದೆಯದೊಂದು ತಾಯಿಯದೊಂದು ಧರ್ಮವಾದವರಿದ್ದಾರೆ, ಯಾವ ದೇವರನ್ನೂ ನಂಬದವರಿದ್ದಾರೆ. ಸಿಬ್ಬಂದಿಯ ಧರ್ಮದ ಪಟ್ಟಿ ಮಾಡಿಟ್ಟುಕೊಳ್ಳಿ ಎಂಬ ಸಲಹೆಯೂ ಬಂತು. ಖಡಾಖಂಡಿತವಾಗಿ ಬೇಡವೆಂದೆ. ಅಂಥ ಪಟ್ಟಿ ಇಂದು ಶುಭಾಶಯಕ್ಕೆ, ನಾಳೆ ಇನ್ನಾವುದಕ್ಕೋ. ಯುರೋಪ್ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣೆಯ ನಿಯಮ ಧಾರ್ಮಿಕ ನಂಬಿಕೆಯ ಮಾಹಿತಿಗೆ ವಿಶೇಷ ರಕ್ಷಣೆ ಕೊಟ್ಟಿರುವುದು ಸುಮ್ಮನೆ ಅಲ್ಲ. ನಾನು ಕೇಳುವ ಪ್ರಶ್ನೆ ಬೇರೆ: ನಿಮಗೆ ಯಾವ ಶುಭಾಶಯಗಳು ಬರಬೇಕು? ಎಲ್ಲವೂ ಬೇಕೆನ್ನಬಹುದು, ಒಂದೂ ಬೇಡವೆನ್ನಬಹುದು, ಯಾವಾಗ ಬೇಕಾದರೂ ಬದಲಿಸಬಹುದು. ಕಾರಣ ಬರೆಯಲು ಅಲ್ಲಿ ಜಾಗವೇ ಇಲ್ಲ, ಬೇಕೆಂದೇ ಬಿಟ್ಟಿಲ್ಲ. ತಮ್ಮದಲ್ಲದ ಹಬ್ಬಗಳ ಶುಭಾಶಯವೂ ಬರಲಿ ಎಂದು ಗುರುತು ಹಾಕಿದವರೇ ಹೆಚ್ಚು ಎಂಬುದು ನನಗೆ ಅಚ್ಚರಿ ತಂದ ಸಂಗತಿ.

ಕಾರಣ ಕೇಳಬಾರದು ಎಂಬುದು ನನಗೆ ಮನದಟ್ಟಾದದ್ದು ಒಂದು ಡಿಸೆಂಬರಿನಲ್ಲಿ. ದೊಡ್ಡ ಕ್ರಿಸ್‌ಮಸ್ ಕಾರ್ಡೊಂದಕ್ಕೆ ಎಲ್ಲರ ಸಹಿ ಹಾಕಿಸುತ್ತ ಮೇಜಿನಿಂದ ಮೇಜಿಗೆ ಹೋಗುತ್ತಿದ್ದೆ. ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಪೆನ್ನು ತೆಗೆದುಕೊಳ್ಳಲಿಲ್ಲ.

'ನನ್ನದು ಬೇಡ ಸರ್.'

'ಆಗಲಿ ಮೇಡಂ.'

'ಯಾಕೆ ಎಂದು ಹೇಳಬೇಕೇ?'

'ಬೇಕಾಗಿಲ್ಲ.'

ಮುಂದಿನ ಮೇಜಿಗೆ ಹೋದೆ. ಎಷ್ಟೋ ದಿನಗಳ ಮೇಲೆ, ಬೇರೇನೋ ಮಾತಾಡುತ್ತಿದ್ದಾಗ, ತಾವು ಯೆಹೋವನ ಸಾಕ್ಷಿಗಳ ಪಂಗಡದವರು, ಯೇಸುವನ್ನು ನಂಬಿದರೂ ಕ್ರಿಸ್‌ಮಸ್ ಆಗಲಿ ಹುಟ್ಟುಹಬ್ಬವಾಗಲಿ ಆಚರಿಸುವುದಿಲ್ಲ ಎಂದು ಅವರೇ ಹೇಳಿದರು. ಹಿಂದಿನ ಕಚೇರಿಯಲ್ಲಿ ಪ್ರತಿ ವರ್ಷವೂ ಇದನ್ನು ಹತ್ತು ಜನರ ಮುಂದೆ ವಿವರಿಸಬೇಕಾಗುತ್ತಿತ್ತಂತೆ. ಕ್ರೈಸ್ತರೊಳಗೆ ಇದೇನೂ ಹೊಸ ಭಿನ್ನಾಭಿಪ್ರಾಯವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರು 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ವಿಧಿಸುವ ಕಾನೂನನ್ನೇ ತಂದಿದ್ದರು. ಅದು ರದ್ದಾದದ್ದು 1681ರಲ್ಲಿ. ಪ್ರವಾದಿಯವರ ಜನ್ಮದಿನವಾದ ಈದ್ ಮಿಲಾದನ್ನು ಸಂಭ್ರಮದಿಂದ ಆಚರಿಸುವ ಮುಸ್ಲಿಮರಿರುವಂತೆ ಅದು ಸಲ್ಲದು ಎನ್ನುವ ಮುಸ್ಲಿಮರೂ ಇದ್ದಾರೆ. ಇದರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ಶುಭಾಶಯ ಬರೆಯುವವನ ಕೆಲಸವಲ್ಲ.

ನೀವು ನಂಬದ ಹಬ್ಬಕ್ಕೆ ಶುಭಾಶಯ ಹೇಳುವುದು ಬೂಟಾಟಿಕೆಯಲ್ಲವೇ ಎಂದು ನನ್ನನ್ನು ಕೆಣಕಿದವರಿದ್ದಾರೆ. ನಾನು ನನ್ನ ದೇವರಿಗೆ ಕೈಮುಗಿಯುವವನು, ಅದನ್ನು ಮುಚ್ಚಿಡುವುದೂ ಇಲ್ಲ. ಸ್ನೇಹಿತನ ಮಗಳ ಮದುವೆಗೆ ಹರಸಿ ಬಂದರೆ ನಾನೇನು ಆ ಮದುವೆ ಮಾಡಿಕೊಂಡ ಹಾಗಾಗುವುದಿಲ್ಲವಲ್ಲ! ಹಾರೈಕೆ ಮನುಷ್ಯನಿಗೆ, ಸಿದ್ಧಾಂತಕ್ಕಲ್ಲ. ಆದರೆ ಗೆರೆಯೊಂದಿದೆ. ಯೇಸು ನಮ್ಮ ಪಾಪಗಳಿಗಾಗಿ ಹುಟ್ಟಿಬಂದ ಎಂದೋ, ಲಕ್ಷ್ಮಿ ನಮ್ಮೆಲ್ಲರನ್ನು ಕಾಪಾಡಲಿ ಎಂದೋ ಸಂಸ್ಥೆಯ ಹೆಸರಿನಲ್ಲಿ ಬರೆಯುವುದಿಲ್ಲ. ಅದು ನಂಬುವವರು ತಮ್ಮ ಬಾಯಿಂದ ಹೇಳಬೇಕಾದ ಮಾತು, ಸಂಬಳ ಕೊಡುವವರು ಹೇಳಿಸಬೇಕಾದದ್ದಲ್ಲ.

ಬೇರೆ ಧರ್ಮದ ಹಬ್ಬಕ್ಕೆ ಹಾರೈಸುವುದು ತಮ್ಮ ನಂಬಿಕೆಗೆ ಒಪ್ಪುವುದಿಲ್ಲ ಎನ್ನುವವರನ್ನೂ ನಾನು ಬಲ್ಲೆ. ಅವರನ್ನು ಸಂಕುಚಿತರು ಎಂದು ತಳ್ಳಿಹಾಕುವ ಆತುರ ಉದಾರವಾದಿಗಳೆನಿಸಿಕೊಂಡವರಲ್ಲಿ ಕಾಣುತ್ತದೆ. ನನಗೆ ಅದು ಸರಿತೋರದು. ನಮ್ಮಲ್ಲೇ ಒಬ್ಬರಿದ್ದಾರೆ, ಯಾರ ಹಬ್ಬಕ್ಕೂ ಒಂದು ಮಾತು ಆಡುವವರಲ್ಲ. ಆದರೆ ಹಬ್ಬದ ದಿನದ ಪಾಳಿ ಯಾರಿಗೆ ಬಿದ್ದಿದೆ ಎಂದು ಫಲಕ ನೋಡಿ, ಹಬ್ಬದವರ ಹೆಸರು ಹೊಡೆದು ತಮ್ಮ ಹೆಸರು ಬರೆದು ಹೋಗುತ್ತಾರೆ. ಕ್ರಿಸ್‌ಮಸ್ ರಾತ್ರಿಯ ಪಾಳಿ ಅವರದು, ದೀಪಾವಳಿಯದೂ ಅವರದೇ. ನನ್ನ ಕಾರ್ಡುಗಳೆಲ್ಲ ಸೇರಿದರೂ ಅದಕ್ಕೆ ಸಮವಾಗುವುದಿಲ್ಲ.

ಎಲ್ಲ ಹೆಸರುಗಳನ್ನೂ ಕೈಬಿಟ್ಟು ವರ್ಷಾಂತ್ಯಕ್ಕೆ 'ಹಬ್ಬದ ದಿನಗಳ ಶುಭಾಶಯ' ಎಂದು ಒಮ್ಮೆ ಕಳಿಸಿ ಕೈತೊಳೆದುಕೊಂಡರೆ ಆಗದೇ ಎಂದು ಮೇಲಿನವರು ಆಗಾಗ ಕೇಳುತ್ತಾರೆ. ಅಪರಿಚಿತ ಗ್ರಾಹಕರಿಗೆ ಕಳಿಸುವಾಗ ಅದೇ ಸರಿ, ನಾನೂ ಹಾಗೆಯೇ ಮಾಡುತ್ತೇನೆ. ಪಕ್ಕದ ಮೇಜಿನಲ್ಲಿ ತಿಂಗಳಿಡೀ ಉಪವಾಸವಿದ್ದವರಿಗೆ ಹೆಸರಿಲ್ಲದ ಹಾರೈಕೆ ಕಳಿಸುವುದು ಮಾತ್ರ ಜಾಣತನವೇ ಹೊರತು ಗೌರವವಲ್ಲ. ನನ್ನದಲ್ಲದ ಹಬ್ಬಕ್ಕೆ ಯಾರಾದರೂ ನನಗೇ ಹಾರೈಸಿದರೆ, ತಿದ್ದಲು ಹೋಗದೆ ಧನ್ಯವಾದ ಹೇಳುತ್ತೇನೆ.

ಮೇಲಿನವರೊಡನೆ ಸದ್ಯಕ್ಕೆ ಬಗೆಹರಿಯದೆ ಉಳಿದಿರುವುದು ಲಾಂಛನದ ವಿಚಾರ. ಪ್ರತಿ ಪತ್ರದಲ್ಲೂ ಸಂಸ್ಥೆಯ ಲಾಂಛನ ದೊಡ್ಡದಾಗಿ, ಮೇಲ್ಗಡೆ, ಬಣ್ಣದಲ್ಲಿ ಇರಬೇಕೆಂದು ಪ್ರಚಾರ ವಿಭಾಗದ ಹಟ. ದೀಪಾವಳಿ, ಈದ್, ಕ್ರಿಸ್‌ಮಸ್‌ಗೆ ಒಪ್ಪಿದ್ದೇನೆ. ಗುಡ್ ಫ್ರೈಡೇ ಮತ್ತು ಮೊಹರಂ ಪತ್ರಗಳಿಗೆ ಒಪ್ಪಿಲ್ಲ. ಕಡತ ಈಗ ಅವರ ಮೇಜಿನ ಮೇಲಿದೆ.