ಕಡಲಂಚಿನ ಬಾವಿಯ ಉಪ್ಪನ್ನು ಅಳೆದಿಡುವ ಕ್ರಮ

ಧ್ರುವಪ್ರದೇಶಗಳ ಮತ್ತು ಪರ್ವತಗಳ ನೆಲದ ಮೇಲಿನ ಹಿಮ ಕರಗಿ ಸೇರುತ್ತಿರುವುದರಿಂದಲೂ, ಬಿಸಿಯಾದ ಕಡಲು ಹಿಗ್ಗುತ್ತಿರುವುದರಿಂದಲೂ 1900ರಿಂದೀಚೆಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಕಾರವಾರದಿಂದ ಭಟ್ಕಳದವರೆಗಿನ ತೀರದವರು ಅಲೆಯನ್ನಷ್ಟೇ ಅಲ್ಲ, ಬಾವಿಗೆ ಉಪ್ಪು ಸೇರುತ್ತಿದೆಯೇ ಎಂಬುದನ್ನೂ ಗಮನಿಸಬೇಕು.

ಅಳೆಯಲು ಒಂದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ ತೋರಿಸುವ ಸಾಧನ) ಸಾಕು. ಪ್ರತಿ ವರ್ಷ ಮೇ ತಿಂಗಳಿನಲ್ಲಿ, ಬಾವಿ ಅತ್ಯಂತ ತಗ್ಗಿರುವಾಗ, ಅಮಾವಾಸ್ಯೆಯ ಆಸುಪಾಸಿನ ಒಂದು ಬೆಳಿಗ್ಗೆ ಪಂಪು ಹಚ್ಚುವ ಮೊದಲೇ ನೀರು ಸೇದಿ ಅಳೆಯಿರಿ; ಹಗ್ಗಕ್ಕೆ ಗಂಟು ಹಾಕಿ ನೀರು ಎಷ್ಟು ಆಳದಲ್ಲಿದೆ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಆಳವಿಲ್ಲದ ಲೆಕ್ಕ ಅಪೂರ್ಣ. ಸಿಹಿನೀರು ಹಗುರವಾದ್ದರಿಂದ ನೆಲದೊಳಗೆ ಉಪ್ಪುನೀರಿನ ಮೇಲೆ ನಿಂತಿರುತ್ತದೆ; ಸಮುದ್ರಮಟ್ಟಕ್ಕೆ ಹೋಲಿಸಿದಂತೆ ಸಿಹಿನೀರಿನ ಮಟ್ಟ ಒಂದು ಅಡಿ ತಗ್ಗಿದರೆ, ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ ಸುಮಾರು 40 ಅಡಿ ಮೇಲೇರಬಲ್ಲದು. ಕಡಲು ಏರುವುದೂ ನಾವು ಮಿತಿಮೀರಿ ನೀರೆತ್ತುವುದೂ ಸಿಹಿನೀರಿನ ಮಟ್ಟಕ್ಕೂ ಸಮುದ್ರಮಟ್ಟಕ್ಕೂ ನಡುವಿನ ಈ ಅಂತರವನ್ನೇ ಕುಗ್ಗಿಸುತ್ತವೆ.

ಕುಡಿಯುವ ನೀರಿನ ಟಿಡಿಎಸ್‌ಗೆ ಭಾರತೀಯ ಮಾನಕದ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಅಘನಾಶಿನಿ ನದಿಯ ಗಜನಿ ಗದ್ದೆಗಳ (ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ) ಬದಿಯ ಬಾವಿಗಳನ್ನು ಬೇರೆಯಾಗಿಯೇ ದಾಖಲಿಸಿ. ಉಪ್ಪನ್ನು ತಾಳುವ ಕಗ್ಗ ಭತ್ತ ಬೆಳೆಯುವ ಆ ನೆಲಕ್ಕೆ ಉಪ್ಪುನೀರು ಹೊಸದಲ್ಲ. ಮಳೆ ಕಡಿಮೆಯಾದ ವರ್ಷವೂ ಉಪ್ಪು ಹೆಚ್ಚುವುದರಿಂದ ಒಂದೆರಡು ವರ್ಷದ ಅಂಕಿ ನೋಡಿ ತೀರ್ಮಾನಿಸಬೇಡಿ; ಮಳೆಯ ಪ್ರಮಾಣವನ್ನೂ ಬರೆದು, ಲೆಕ್ಕದ ಪುಸ್ತಕದ ಒಂದು ಪ್ರತಿಯನ್ನು ಗ್ರಾಮ ಪಂಚಾಯತಿಗೆ ಕೊಡಿ.