ಚೆಕ್ ಸ್ಕ್ಯಾನ್‌ಗಳನ್ನು ಪೇಪರ್‌ಲೆಸ್‌ಗೆ ಸೇರಿಸಿದ ನನ್ನ ಅನುಭವ

ಅಡಿಕೆ ವ್ಯಾಪಾರದ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪಾರ್ಟಿಗಳು ಕೊಟ್ಟ ಚೆಕ್ಕನ್ನು ಬ್ಯಾಂಕಿಗೆ ಹಾಕುವ ಮೊದಲು ಸ್ಕ್ಯಾನ್ ಮಾಡಿಡುವ ರೂಢಿ ನಮ್ಮಲ್ಲಿ ಮೊದಲಿಂದಲೂ ಇದೆ. ಆದರೆ ಫೋಲ್ಡರ್ ತುಂಬಾ 'ಸ್ಕ್ಯಾನ್ 001', 'ಸ್ಕ್ಯಾನ್ 002' ಅಂತಲೇ ಹೆಸರು. ಚೆಕ್ ಬೌನ್ಸ್ ಆದರೆ, ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಹೋಗಬೇಕು. ವಕೀಲರು ಕಾಪಿ ಕೇಳಿದಾಗ ಹುಡುಕಿ ಹುಡುಕಿ ಸಾಕಾಗುತ್ತಿತ್ತು. ಅದಕ್ಕೇ ಎಲ್ಲವನ್ನೂ ಪೇಪರ್‌ಲೆಸ್-ಎನ್‌ಜಿಎಕ್ಸ್‌ಗೆ ಹಾಕಿದೆ. ಸ್ಕ್ಯಾನ್ ಮಾಡಿದ ಕಾಗದಗಳನ್ನು ಓದಿ, ಜೋಡಿಸಿಟ್ಟು, ಹುಡುಕಿಕೊಡುವ ಓಪನ್ ಸೋರ್ಸ್ ಸಾಫ್ಟ್‌ವೇರ್, ದುಡ್ಡು ಕೊಡಬೇಕಿಲ್ಲ, ನಮ್ಮದೇ ಕಂಪ್ಯೂಟರಿನಲ್ಲಿ ಓಡುತ್ತದೆ.

ಬಿಲ್ಲುಗಳಾದರೆ ಸುಲಭ. ಪೇಪರ್‌ಲೆಸ್‌ನ ಫೋಲ್ಡರಿಗೆ ಪಿಡಿಎಫ್ ಬಿಟ್ಟರೆ ತಾನೇ ಎತ್ತಿಕೊಂಡು ಓದಿಕೊಳ್ಳುತ್ತದೆ. ಚೆಕ್ಕಿನಲ್ಲಿ ಹಾಗಾಗುವುದಿಲ್ಲ. ಪೇಪರ್‌ಲೆಸ್‌ನ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಭಾಗ, ಓದುವುದು ಅಚ್ಚಿನ ಅಕ್ಷರ. ಚೆಕ್ಕಿನಲ್ಲಿ ಅಚ್ಚಾಗಿರುವುದು ಬ್ಯಾಂಕಿನ ಹೆಸರು, ಶಾಖೆಯ ವಿಳಾಸ, ಐಎಫ್‌ಎಸ್‌ಸಿ ಇಂಥವು. ನಮಗೆ ಬೇಕಾದ ಮೊತ್ತ, ತಾರೀಕು ಸಾಮಾನ್ಯವಾಗಿ ಕೈಬರಹ. ತಾರೀಕಿನ ಎಂಟು ಚೌಕಗಳ ಗೆರೆಗಳನ್ನೂ ಅದು 1 ಅಂತ ಓದಿಬಿಡುತ್ತದೆ!

ಇನ್ನೊಂದು ತಮಾಷೆ ಕೇಳಿ. 300 ಡಿಪಿಐ ಕಲರ್‌ನಲ್ಲಿ ಸ್ಕ್ಯಾನ್ ಮಾಡಿದರೆ ಕೆಲವು ಚೆಕ್ಕುಗಳ ಮೇಲೆ 'ವಾಯ್ಡ್' (ಅಸಿಂಧು) ಅನ್ನುವ ಪದ ಎದ್ದು ಕಾಣುತ್ತದೆ. ಸ್ಕ್ಯಾನರ್ ಕೆಟ್ಟಿಲ್ಲ. ಸಿಟಿಎಸ್-2010 (ರಿಸರ್ವ್ ಬ್ಯಾಂಕ್ ಗೊತ್ತುಮಾಡಿದ ಚೆಕ್ ಮಾದರಿ) ಚೆಕ್ಕಿನಲ್ಲಿ ಕಲರ್ ಕಾಪಿ ತೆಗೆದವರು ಸಿಕ್ಕಿಬೀಳಲಿ ಅಂತಲೇ ಅದನ್ನು ಅಡಗಿಸಿಟ್ಟಿರುತ್ತಾರೆ. ಗ್ರೇಸ್ಕೇಲ್, 200 ಡಿಪಿಐಗೆ ಇಳಿಸಿದ ಮೇಲೆ ನನಗೆ ಅದರ ಕಾಟ ತಪ್ಪಿತು.

ನಂಬಬಹುದಾದ ಜಾಗ ಅಂದರೆ ಕೆಳಗಿನ ಬಿಳಿ ಪಟ್ಟಿಯ ಎಂಐಸಿಆರ್ ಸಾಲು, ಅಂದರೆ ಯಂತ್ರ ಓದಲಿ ಅಂತ ಅಚ್ಚು ಹಾಕಿದ ಅಂಕಿಗಳು. ಎಡದಿಂದ ಆರಂಕಿಯ ಚೆಕ್ ನಂಬರ್. ಆಮೇಲೆ ಊರು, ಬ್ಯಾಂಕು, ಶಾಖೆ ಸೇರಿ ಒಂಬತ್ತು ಅಂಕಿ. ಬೆಂಗಳೂರಿನದಾದರೆ 560ರಿಂದ ಶುರು. ನಂತರ ಖಾತೆಗೆ ಸಂಬಂಧಿಸಿದ ಆರಂಕಿ, ಕೊನೆಗೆ ಎರಡಂಕಿ. ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದು ಆ ಪಟ್ಟಿಯನ್ನಷ್ಟೇ ಕತ್ತರಿಸಿ, ಆ ಸಾಲಿನ ವಿಶೇಷ ಅಚ್ಚಾದ ಇ-13ಬಿ ಅಕ್ಷರಕ್ಕೆಂದೇ ತರಬೇತಿ ಕೊಟ್ಟ ಫೈಲ್ ಬಳಸಿ ಟೆಸರಾಕ್ಟ್ ಅನ್ನುವ ಓಸಿಆರ್ ಸಾಫ್ಟ್‌ವೇರ್‌ನಿಂದ ಓದಿಸುತ್ತೇನೆ.

ಮಿಕ್ಕ ವಿವರಗಳನ್ನು ಚಿತ್ರದಿಂದ ಓದಿಸುವ ಉಸಾಬರಿಯೇ ಬೇಡ. ಯಾವ ಚೆಕ್ ಬಂತು, ಯಾರದ್ದು, ಎಷ್ಟು ಅಂತ ಎಕ್ಸೆಲ್ ರಿಜಿಸ್ಟರ್‌ನಲ್ಲಿ ಹೇಗೂ ಬರೆದಿರುತ್ತೇವೆ ಅಲ್ವಾ? ಸ್ಕ್ರಿಪ್ಟ್ ಚೆಕ್ ನಂಬರ್ ಮತ್ತು ಒಂಬತ್ತಂಕಿಯ ಕೋಡ್ ಎರಡನ್ನೂ ಅಲ್ಲಿ ಹುಡುಕುತ್ತದೆ. ಚೆಕ್ ನಂಬರ್ ಒಂದೇ ಸಾಲದು. ಬೇರೆ ಬೇರೆ ಬ್ಯಾಂಕಿನಲ್ಲಿ ಅದೇ ನಂಬರ್ ಸಿಗುತ್ತದೆ. ಹೊಂದಿಕೆಯಾದರೆ ಶೀರ್ಷಿಕೆ, ತಾರೀಕು, ಪಾರ್ಟಿ ಹೆಸರು ಹಾಕಿ ಎಪಿಐ (ಒಂದು ಪ್ರೋಗ್ರಾಮ್ ಇನ್ನೊಂದಕ್ಕೆ ಮಾಹಿತಿ ಕಳಿಸುವ ದಾರಿ) ಮೂಲಕ ಪೇಪರ್‌ಲೆಸ್‌ಗೆ ಕಳಿಸುತ್ತದೆ. ಆಗದಿದ್ದರೆ 'ನೋಡಬೇಕು' ಫೋಲ್ಡರಿಗೆ. ಅಲ್ಲಿ ಬೀಳುವುದು ಜಾಸ್ತಿ, ಸಹಿಯ ಬಾಲ ಅಥವಾ ಸೀಲಿನ ಶಾಯಿ ಆ ಪಟ್ಟಿಗೆ ಇಳಿದಿರುವ ಚೆಕ್ಕುಗಳು.

ಒಂದೇ ಚೆಕ್ಕನ್ನು ಎರಡು ಸಲ ಸ್ಕ್ಯಾನ್ ಮಾಡಿದರೆ ಪೇಪರ್‌ಲೆಸ್‌ಗೆ ಗೊತ್ತಾಗುವುದಿಲ್ಲ. ಅದು ನೋಡುವುದು ಫೈಲಿನ ಚೆಕ್‌ಸಮ್, ಅಂದರೆ ಫೈಲಿನೊಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ; ಎರಡನೇ ಸ್ಕ್ಯಾನ್ ಅಂದರೆ ಬೇರೆಯೇ ಫೈಲು. ಹಾಗಾಗಿ ಆ ತಪಾಸಣೆಯೂ ಸ್ಕ್ರಿಪ್ಟ್‌ನಲ್ಲೇ ಇದೆ. ಬೌನ್ಸ್ ಆದಾಗ ಬ್ಯಾಂಕ್ ಕೊಟ್ಟ ಮೆಮೊವನ್ನು ಬೇರೆ ದಾಖಲೆಯಾಗಿ ಹಾಕಿ, ಚೆಕ್ಕಿಗೆ ಲಿಂಕ್ ಮಾಡುತ್ತೇನೆ.

ಚೆಕ್ಕಿನಲ್ಲಿ ಖಾತೆ ನಂಬರ್, ಸಹಿ ಎರಡೂ ಇರುತ್ತವೆ. ಆದ್ದರಿಂದ ನೋಡುವ ಅನುಮತಿ ನನಗೆ ಮತ್ತು ಮಾಲೀಕರಿಗೆ ಮಾತ್ರ. ರಿಜಿಸ್ಟರ್ ಇಲ್ಲದ ಹಳೆಯ ಸ್ಕ್ಯಾನ್‌ಗಳಿಗೆ ಸುಮ್ನೆ ವರ್ಷದ ಟ್ಯಾಗ್ ಹಾಕಿ ಬಿಟ್ಟಿದ್ದೇನೆ; ಯಾರಾದರೂ ಕೇಳಿದಾಗ ಕೂತು ಹುಡುಕಿದರಾಯಿತು.