ಸುಬಾಬುಲ್ ಸೊಪ್ಪು ಹಾಕುವವರಿಗೆ ಒಂದು ಮಾತು

ಬದುವಿನಲ್ಲಿ ಸುಬಾಬುಲ್ ಮರ ಇದ್ದರೆ ಬೇಸಿಗೆಯಲ್ಲೂ ದನಗಳಿಗೆ ಹಸಿರು ಮೇವು ಸಿಗುತ್ತೆ, ನಿಜ. ಆದರೆ ದಯವಿಟ್ಟು ಹೊರೆಗಟ್ಟಲೆ ಅದೊಂದನ್ನೇ ಹಾಕಬೇಡಿ. ಸೊಪ್ಪಿನಲ್ಲಿ, ಅದರಲ್ಲೂ ಎಳೆ ಚಿಗುರಿನಲ್ಲಿ, ಮಿಮೋಸಿನ್ ಅನ್ನೋ ವಿಷಾಂಶ ಇರುತ್ತೆ. ಬಾಲದ ತುದಿಯ ಕೂದಲು ಹಿಡಿದರೆ ಕೈಗೆ ಬರೋದು, ಜೊಲ್ಲು ಸುರಿಯೋದು, ಮೇವು ಬಿಡೋದು ಶುರುವಾದರೆ ಸೊಪ್ಪು ನಿಲ್ಲಿಸಿ ಪಶುವೈದ್ಯರಿಗೆ ತೋರಿಸಿ.

ಆಸ್ಟ್ರೇಲಿಯಾದ ಹುಲ್ಲುಗಾವಲು ವಿಜ್ಞಾನಿ ರೇಮಂಡ್ ಜೋನ್ಸ್ ಈ ತೊಂದರೆಯ ಬೆನ್ನು ಹತ್ತಿದವರು. ಅಲ್ಲಿನ ದನಗಳಿಗೆ ಕಾಯಿಲೆ ತರುವ ಇದೇ ಸೊಪ್ಪನ್ನು ಹವಾಯಿಯ ಮೇಕೆಗಳು ತಿಂದೂ ಗಟ್ಟಿಮುಟ್ಟಾಗಿದ್ದವು! ಗುಟ್ಟು ಇದ್ದದ್ದು ಹೊಟ್ಟೆಯ ಸೂಕ್ಷ್ಮಾಣುಗಳಲ್ಲಿ. ಮೆಲುಕು ಚೀಲದ ರಸವನ್ನೇ ಹವಾಯಿಯಿಂದ ತಂದು ಆಸ್ಟ್ರೇಲಿಯಾದ ಪ್ರಾಣಿಗಳಿಗೆ ಕೊಟ್ಟಾಗ ಅವೂ ಸೊಪ್ಪು ಅರಗಿಸಿಕೊಂಡವು. 1992ರಲ್ಲಿ ಆ ಬ್ಯಾಕ್ಟೀರಿಯಾಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ಅವರದೇ ಹೆಸರಿಟ್ಟರು. ಎಂಥ ಚೆಂದದ ಗೌರವ ಅನ್ನಿಸುತ್ತೆ ನನಗೆ.

ನಮ್ಮ ದನಗಳ ಹೊಟ್ಟೆಯಲ್ಲೂ ಆ ಸೂಕ್ಷ್ಮಾಣು ಇರಬಹುದು, ಆದರೆ ಆ ನಂಬಿಕೆ ಮೇಲೆ ಹಾಕಬೇಡಿ. ಒಟ್ಟು ಮೇವಿನ ಮೂರನೇ ಒಂದು ಭಾಗ ದಾಟದಂತೆ, ಜೋಳದ ಸೊಪ್ಪೆ ಅಥವಾ ನೇಪಿಯರ್ ಹುಲ್ಲಿನ ಜೊತೆ ಬೆರೆಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಕುದುರೆ, ಮೊಲ, ಕೋಳಿಗೆ ಬೇಡವೇ ಬೇಡ. ಮರವನ್ನು ಸೊಂಟದೆತ್ತರಕ್ಕೆ ಕಡಿಯುತ್ತಿರಿ, ಕಾಯಿ ಬಲಿಯಲು ಬಿಡಬೇಡಿ. ಬೀಜ ಸಿಡಿದರೆ ಪಕ್ಕದ ಹೊಲದಲ್ಲೂ ಕಳೆಯಾಗಿ ಏಳುತ್ತೆ.